ಆರುಗಂಟೆಯಮ್ಮನ ಇಪ್ಪತ್ತೈದು ಓದುಗರು

ಹಾಸಿಗೆ ಕಂಪನಿಯಲ್ಲಿ ಕೆಲಸ ಮಾಡುವವರು ಬೇಗ ಏಳುತ್ತಾರೆ ಎಂದರೆ ಯಾರೂ ನಂಬುವುದಿಲ್ಲ. ಆದರೆ ಆಕೆ ಹದಿನಾರು ವರ್ಷದಿಂದ ದಿನವೂ, ಬೆಳಗಿನ ಆರಕ್ಕೆ ಇನ್ನೂ ಐದು ನಿಮಿಷ ಇರುವಾಗಲೇ ಎದ್ದು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕಾಲು ಮಡಿಸಿ ಕೂತು, ಊರಿನ ಆಚೆ ತುದಿಯಲ್ಲಿದ್ದ ಒಂದು ಖಾಲಿ ಕೋಣೆಯ ಕಡೆ ಮನಸ್ಸನ್ನು ಕಳಿಸಿ ಕಾಯುತ್ತಿದ್ದಳು. ಕಂಪನಿಯಲ್ಲಿ ಆಕೆಗೆ ಆರುಗಂಟೆಯಮ್ಮ ಎಂದೇ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಆ ಕೋಣೆ ಕಂಪನಿಯ ಮೆಟ್ಟಿಲ ಕೆಳಗಿತ್ತು. ಹಿಂದೆ ಅದರಲ್ಲಿ ಹತ್ತಿ ತುಂಬುತ್ತಿದ್ದರು, ಈಗ ಒಂದು ಕಂಪ್ಯೂಟರ್ ಮಾತ್ರ ಇತ್ತು. ಸರಿಯಾಗಿ ಆರಕ್ಕೆ ಅದು ತಾನಾಗಿ ಎಚ್ಚರವಾಗಿ, ಹಿಂದಿನ ದಿನ ಯಾವ ಅಂಗಡಿಯಿಂದ ಎಷ್ಟು ಹಾಸಿಗೆ, ಎಷ್ಟು ದಿಂಬು ಹೋಯಿತು, ಎಷ್ಟು ವಾಪಸು ಬಂತು ಎಂದು ವರದಿ ಕಟ್ಟಿ, ಎಲ್ಲರಿಗೂ ಈಮೇಲ್ ಮಾಡುತ್ತಿತ್ತು. ಆ ವರದಿಯನ್ನು ನೋಡಿಕೊಳ್ಳುವುದೇ ಆಕೆಯ ಕೆಲಸ. ಸ್ಟಾಕ್ ಎಣಿಸುವ ದಿನ ಬೇಗ ಬಂದಿದ್ದ ಆಕೆ ಒಂದೇ ಒಂದು ಸಲ ಅದನ್ನು ಕಣ್ಣಾರೆ ಕಂಡಿದ್ದಳು. ಯಂತ್ರದ ಫ್ಯಾನು ತಿರುಗಿದ ಕೂಡಲೇ ಗೋಡೆಯ ಬಿರುಕುಗಳಲ್ಲಿ ಎಷ್ಟೋ ವರ್ಷದಿಂದ ಉಳಿದಿದ್ದ ಹತ್ತಿಯ ಎಳೆಗಳು ಎದ್ದವು. ಗವಾಕ್ಷಿಯ ಬೆಳಕಿನಲ್ಲಿ ಒಂದು ಸುತ್ತು ತಿರುಗಿ, ಮತ್ತೆ ಮೆಲ್ಲಗೆ ಕೆಳಗಿಳಿದವು. ಅಷ್ಟರಲ್ಲಿ ವರದಿ ಹೋಗಿಯಾಗಿತ್ತು. ಅಂದಿನಿಂದ ಆಕೆಗೆ, ಈಮೇಲ್ ಎನ್ನುವುದು ತಂತಿಯಲ್ಲಿ ಹೋಗುತ್ತದೆ ಎಂದು ಯಾರು ಎಷ್ಟು ಹೇಳಿದರೂ, ಹತ್ತಿಯ ಹಾಗೆ ತೇಲಿಕೊಂಡೇ ಹೋಗುತ್ತದೆ ಎನ್ನಿಸುತ್ತಿತ್ತು.

ಆರು ಹೊಡೆದ ಮೇಲೆ ವರದಿ ಆಕೆಯ ಫೋನಿಗೂ ಬರುತ್ತಿತ್ತು. ಉಳಿದವರಿಗೆ ಅದು ಅಂಕಿ. ಆಕೆಗೆ ಊರಿಗೆ ಊರೇ ಮಲಗಿರುವ ಚಿತ್ರ. ಕಡಲ ಕಡೆಯ ಅಂಗಡಿಯಲ್ಲಿ ಜೋಡಿ ಹಾಸಿಗೆ ಹದಿಮೂರು ಎಂದಿದ್ದರೆ, ಹದಿಮೂರು ಮನೆಗಳಲ್ಲಿ ಯಾರು ಗೋಡೆಯ ಕಡೆ, ಯಾರು ಬಾಗಿಲ ಕಡೆ ಎಂದು ನಿನ್ನೆ ಸಣ್ಣ ಜಗಳ ನಡೆದಿರಬೇಕು. ಗುಡ್ಡದ ಅಂಗಡಿಯಲ್ಲಿ ಒಂಟಿ ಹಾಸಿಗೆ ಒಂಬತ್ತು ಎಂದಿದ್ದರೆ, ಹಾಸ್ಟೆಲಿಗೆ ಹೊರಟವರು ಆರು, ದೊಡ್ಡ ಜಗಳ ಆದವರು ಮೂರು. ವಾಪಸು ಬಂದದ್ದು ಒಂದು ಎಂದಿದ್ದ ದಿನ, ಯಾರಿಗೋ ನಿದ್ದೆ ಬಂದಿಲ್ಲ ಎಂದು ಆಕೆಗೂ ಒಂದು ಥರ ಕಸಿವಿಸಿ.

ಆಕೆಯ ಅಮ್ಮನಿಗೆ ಇದೆಲ್ಲ ಹಿಡಿಸುತ್ತಿರಲಿಲ್ಲ. ಮದುವೆಯ ಮಾತುಗಳು ಇನ್ನೂ ನಡೆಯುತ್ತಿದ್ದ ಕಾಲದಲ್ಲಿ, "ಬೆಳಗಾಗೆದ್ದು ವರದಿ ವರದಿ ಅಂತ ಕೂತ್ಕೊಂಡ್ರೆ ವರ ಎಲ್ಲಿಂದ ಬರ್ತಾನೆ?" ಎನ್ನುತ್ತಿದ್ದರು. "ವರದಿಯಲ್ಲೇ ವರ ಇದ್ದಾನಲ್ಲಮ್ಮ, 'ದಿ' ಒಂದು ಹೆಚ್ಚಾಯ್ತು ಅಷ್ಟೇ" ಎಂದು ಮಗಳು ಹೇಳಿದ ಮೇಲೆ ಆ ಮಾತು ನಿಂತಿತು. ಮಾತಿನ ಜೊತೆಗೆ ಸಂಬಂಧಗಳೂ ನಿಂತವು. ಇಬ್ಬರಿಗೂ ಅದರಿಂದ ಅಂಥ ನಷ್ಟವೇನೂ ಆದಂತೆ ಕಾಣಲಿಲ್ಲ.

ಕಂಪನಿ ಸೇರಿದ ಮೊದಲ ದಿನ ಆಕೆ ಮಾಡಿದ ಕೆಲಸವೆಂದರೆ ನಿದ್ದೆ. ಅಲ್ಲಿ ಹಾಗೊಂದು ರೂಢಿಯಿತ್ತು. ಹೊಸದಾಗಿ ಬಂದವರು, ಕ್ಲರ್ಕಾಗಲಿ ಡ್ರೈವರಾಗಲಿ, ಗೋದಾಮಿನ ಒಂದು ಹಾಸಿಗೆಯ ಮೇಲೆ ಒಂದು ಗಂಟೆ ಮಲಗಲೇಬೇಕು. ಮಲಗಿಸುವ ಜವಾಬ್ದಾರಿ ಗೋದಾಮು ನೋಡಿಕೊಳ್ಳುತ್ತಿದ್ದ ಹತ್ತಿಮಾವನದು. ತಲೆ, ಹುಬ್ಬು, ಮೀಸೆ ಎಲ್ಲ ಬೆಳ್ಳಗಿದ್ದ ಅವರನ್ನು ಕಂಪನಿಗೆ ಕಂಪನಿಯೇ ಹಾಗೆ ಕರೆಯುತ್ತಿತ್ತು. "ಮಲಕ್ಕೋ ಮಗಳೇ. ಏನು ಮಾರ್ತಿದೀವಿ ಅಂತ ಬೆನ್ನಿಗೆ ಗೊತ್ತಾಗ್ಲಿ, ಆಮೇಲೆ ತಲೆಗೆ ಹೇಳ್ಕೊಡ್ತೀನಿ" ಎಂದಿದ್ದರು. ಆಕೆ ಸಂಕೋಚದಿಂದ ಚಪ್ಪಲಿ ಬಿಟ್ಟು ಮಲಗಿದವಳು ಎರಡು ಗಂಟೆ ಏಳಲಿಲ್ಲ. ಎಬ್ಬಿಸಬೇಡಿ ಎಂದು ಹತ್ತಿಮಾವ ಬಾಗಿಲಲ್ಲಿ ಕಾವಲು ಕೂತಿದ್ದರು.

ಇನ್ನು ಶ್ರೀ ಎಲ್ಲರೂ ಅವರ ಜನನದ ಕಥೆ ಹೇಳಬೇಕು.

ವರದಿ ಕಟ್ಟುವ ಸಾಫ್ಟ್‌ವೇರ್ ಕೊಂಡಾಗ ಅದರ ಲೈಸೆನ್ಸ್ ಇದ್ದದ್ದು ಇಪ್ಪತ್ತೈದು ಓದುಗರಿಗೆ. ವರದಿ ಬೇಕು ಎಂದವರು ನೂರಾ ನಲವತ್ತಮೂರು ಜನ. ಆಗ ಮ್ಯಾನೇಜರು ಒಂದು ಉಪಾಯ ಹುಡುಕಿದರು. ಅವರದು ಪರವಾನಗಿ ಎಂದರೂ ಪರವಾಗಿಲ್ಲ ಎಂದೇ ಕೇಳಿಸುವ ಕಿವಿ. 'ಎಲ್ಲರೂ' ಎಂಬ ಒಂದೇ ಈಮೇಲ್ ವಿಳಾಸ ಮಾಡಿಸಿ, ಅದರ ಹಿಂದೆ ಅಷ್ಟೂ ಜನರನ್ನು ಸಾಲಾಗಿ ನಿಲ್ಲಿಸಿದರು. ಯಂತ್ರ ಒಂದೇ ವಿಳಾಸಕ್ಕೆ ಕಳಿಸುತ್ತದೆ, ಅಲ್ಲಿಂದ ಅದು ನೂರಾ ನಲವತ್ತಮೂರು ಕಡೆ ಹೋಗುತ್ತದೆ, ಯಂತ್ರದ ಲೆಕ್ಕದಲ್ಲಿ ಓದುಗ ಒಬ್ಬನೇ. ನೋಂದಣಿಯ ಫಾರಮ್ಮಿನಲ್ಲಿ ಓದುಗನ ಹೆಸರು ಕೇಳಿದ್ದರು. ಮ್ಯಾನೇಜರು ತುಂಬಿದರು: ಹೆಸರು, ಶ್ರೀ ಎಲ್ಲರೂ. ಹುದ್ದೆ, ಸಕಲ ವಿಭಾಗ.

ಅಂದಿನಿಂದ ಪ್ರತಿ ಹೊಸ ವರ್ಷಕ್ಕೆ ಸಾಫ್ಟ್‌ವೇರ್ ಕಂಪನಿಯಿಂದ ಶ್ರೀ ಎಲ್ಲರೂ ಅವರಿಗೆ ಶುಭಾಶಯದ ಕಾರ್ಡು ಬರುತ್ತಿತ್ತು. ಹರಿದು ಹಾಕಲು ಮನಸ್ಸಾಗದೆ ಆಕೆ ಅವನ್ನೆಲ್ಲ ಕಂಪ್ಯೂಟರಿನ ಮೇಲೆ ಜೋಡಿಸಿಟ್ಟಿದ್ದಳು. ಕಂಪನಿಯಿಂದ ನಿವೃತ್ತರಾದವರಿಗೆ ಒಂದು ಜೋಡಿ ಹಾಸಿಗೆ ಕೊಟ್ಟು ಕಳಿಸುತ್ತಿದ್ದರೇ ಹೊರತು 'ಎಲ್ಲರೂ' ಪಟ್ಟಿಯಿಂದ ಯಾರ ಹೆಸರನ್ನೂ ತೆಗೆಯುತ್ತಿರಲಿಲ್ಲ. ಹಾಗಾಗಿ ಹತ್ತಿಮಾವ ಮನೆ ಸೇರಿ ಒಂಬತ್ತು ವರ್ಷವಾದರೂ ವರದಿ ಅವರಿಗೂ ಹೋಗುತ್ತಿತ್ತು.

ಹದಿನೇಳನೆಯ ಸಲ ಕಾರ್ಡಿನ ಬದಲು ಪತ್ರ ಬಂತು. ಎರಡು ವಾರದ ನಂತರದ ಸೋಮವಾರ ತಪಾಸಣೆಯವರು ಬರುತ್ತಾರೆ, ವರದಿಯ ಓದುಗರು ನಿಜವಾಗಿ ಎಷ್ಟು ಜನ, ಯಾರು ಯಾರು ಎಂದು ಬರೆದು ಕೊಡಬೇಕು.

ಮ್ಯಾನೇಜರು ಆಕೆಯನ್ನು ಕರೆಸಿದರು. "ನೋಡಿ, ಇಪ್ಪತ್ತೈದರ ಒಳಗಿದ್ರೆ ನಿಮ್ಮ ಆರು ಗಂಟೆ ನಡೆಯುತ್ತೆ. ಒಬ್ಬರು ಹೆಚ್ಚಾದ್ರೂ ನಿಲ್ಲಿಸಿಬಿಡಿ ಅಂದಿದ್ದಾರೆ ಯಜಮಾನರು. ಹೊಸ ಲೈಸೆನ್ಸ್ ತಗೊಳ್ಳಲ್ವಂತೆ. ಬೇಕಾದವರು ರಿಜಿಸ್ಟರ್ ನೋಡ್ಕೋತಾರೆ."

"ಮತ್ತೆ ನಾನು, ಸಾರ್?"

"ನಿಮಗೇನು, ಷೋರೂಮಿನಲ್ಲಿ ಕೂತ್ಕೋಬಹುದು. ಸುಸ್ತಾದ್ರೆ ಹಾಸಿಗೆನೂ ಅಲ್ಲೇ ಇದೆ." ತಮ್ಮ ಮಾತಿಗೆ ತಾವೇ ನಕ್ಕು, ದನಿ ತಗ್ಗಿಸಿ ಹೇಳಿದರು. "ಇಲ್ಲಾಂದ್ರೆ ಶ್ರೀ ಎಲ್ಲರೂ ಒಬ್ಬರೇ ಅಂತ ಬರೆದುಬಿಡಿ. ಹದಿನಾರು ವರ್ಷದಿಂದ ಇದ್ದಾರೆ ಪಾಪ, ಒಂದು ದಿನ ರಜ ಹಾಕಿದವರಲ್ಲ."

ಆಕೆ ಲೈಸೆನ್ಸಿನ ಪತ್ರವನ್ನು ಮನೆಗೆ ಒಯ್ದಳು. ನಲವತ್ತೊಂದು ಪುಟ. ಕೊಂಡ ದಿನದಿಂದ ಯಾರೂ ಓದಿರಲಿಲ್ಲ, ಪಿನ್ನು ಹೊಡೆದ ಜಾಗದಲ್ಲಿ ಮಡಿಕೆಯೂ ಬಿದ್ದಿರಲಿಲ್ಲ. ಹತ್ತೊಂಬತ್ತನೆಯ ಪುಟದಲ್ಲಿ ಒಂದು ಸಾಲಿತ್ತು: ವರದಿಯನ್ನು ಯಾವ ದಾರಿಯಲ್ಲಿ ಪಡೆದರೂ, ಪಡೆಯುವ ಪ್ರತಿಯೊಬ್ಬ ಮನುಷ್ಯನೂ ಒಬ್ಬ ಓದುಗ. ವಿಳಾಸ ಅಲ್ಲ, ಮನುಷ್ಯ. ಆಕೆ ಆ ಸಾಲನ್ನು ಎರಡು ಸಲ ಓದಿದಳು. ಯಾರೋ ಬಹಳ ಪ್ರೀತಿಯಿಂದ ಬರೆದ ಹಾಗಿತ್ತು.

"ಒಬ್ಬರೇ ಅಂತ ಬರೆದ್ರೆ ಯಾರಿಗೆ ಗೊತ್ತಾಗುತ್ತೆ?" ಅಮ್ಮ ಬಟ್ಟೆ ಮಡಿಸುತ್ತಾ ಕೇಳಿದರು.

"ಆರು ಗಂಟೆಗೆ ನಂಗೆ ಗೊತ್ತಾಗುತ್ತಲ್ಲಮ್ಮ."

"ಸರಿ, ನಿಂಗೆ ಗೊತ್ತಾದ್ರೆ ಊರಿಗೇ ಗೊತ್ತಾದ ಹಾಗೆ" ಎಂದು ಅಮ್ಮ ದಿಂಬಿನ ಕವರನ್ನು ಕೊಡವಿದರು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಆಕೆಗೆ ಜೊಂಪು ಹತ್ತಿತು. ಬಾಗಿಲು ತಟ್ಟಿದ ಸದ್ದಾಗಿ ತೆರೆದರೆ ಶ್ರೀ ಎಲ್ಲರೂ ನಿಂತಿದ್ದರು. ನೋಡಿದರೆ ಒಬ್ಬರೇ. ಆದರೆ ಹೊಸ್ತಿಲ ಆಚೆ ಅವರು ಬಿಟ್ಟ ಚಪ್ಪಲಿಗಳು ನೂರಾ ನಲವತ್ತಮೂರು ಜೊತೆ, ರಸ್ತೆಯ ತಿರುವಿನವರೆಗೂ ಸಾಲಾಗಿ ಹೋಗಿದ್ದವು. ಕೆಲವು ಹೊಸವು, ಕೆಲವಕ್ಕೆ ಉಂಗುಷ್ಟ ಕಿತ್ತಿತ್ತು, ಎಷ್ಟೋ ಜೊತೆಗಳ ಮೇಲೆ ವರ್ಷಾನುಗಟ್ಟಲೆ ಯಾರೂ ಮೆಟ್ಟದ ಧೂಳು. "ನಾನು ಓದ್ತೀನೋ ಇಲ್ಲವೋ ಅಂತ ನೀವು ಯಾವತ್ತೂ ಕೇಳಲೇ ಇಲ್ಲ" ಎಂದರು ಶ್ರೀ ಎಲ್ಲರೂ, ನೊಂದ ದನಿಯಲ್ಲಿ. ಕೂರಿ ಎಂದರೆ ಕೂರಲು ಅವರಿಗೆ ಕುರ್ಚಿ ಸಾಲದು. ಆಕೆ ಒಳಗೆ ಹೋಗಿ ಹಾಸಿಗೆ ತರುವಷ್ಟರಲ್ಲಿ ಎಚ್ಚರವಾಯಿತು. ಅಮ್ಮ ಅಡಿಗೆಮನೆಯಲ್ಲಿ ಲೋಟ ಬೀಳಿಸಿದ್ದರು.

ಸೋಮವಾರದ ವರದಿಯ ಕೊನೆಗೆ ಆಕೆ ಎರಡು ಸಾಲು ಸೇರಿಸಿದಳು: "ಇದನ್ನು ಓದುತ್ತಿರುವವರು ದಯವಿಟ್ಟು ಉತ್ತರ ಬರೆಯಿರಿ. ಬರೆಯದವರ ಹೆಸರನ್ನು ಶನಿವಾರ ಸಂಜೆ ಪಟ್ಟಿಯಿಂದ ತೆಗೆಯಲಾಗುವುದು."

ಬರೆದ ಮೇಲೆ ಆಕೆಗೆ ತನ್ನ ಇಕ್ಕಟ್ಟು ಅರಿವಾಯಿತು. ಓದುವವರು ಇಪ್ಪತ್ತೈದು ದಾಟಿದರೆ ಆರು ಗಂಟೆ ನಿಲ್ಲುತ್ತದೆ. ದಾಟದಿದ್ದರೆ, ಹದಿನಾರು ವರ್ಷ ತಾನು ಯಾರಿಗೆ ಬರೆದದ್ದು? ಹೆಚ್ಚು ಬರಲಿ ಎಂದು ಆಸೆಪಡುವ ಹಾಗಿಲ್ಲ, ಕಮ್ಮಿ ಬರಲಿ ಎಂದು ಬಯಸುವಂತೆಯೂ ಇಲ್ಲ.

ಮೊದಲ ದಿನ ಬಂದದ್ದು ಮೂರು ಉತ್ತರ. ಅದರಲ್ಲಿ ಒಂದು, "ನಾನು ರಜೆಯಲ್ಲಿದ್ದೇನೆ, ಬಂದ ಮೇಲೆ ಉತ್ತರಿಸುತ್ತೇನೆ" ಎಂಬ ತನ್ನಷ್ಟಕ್ಕೆ ತಾನೇ ಹೋಗುವ ಉತ್ತರ. ಆ ಮನುಷ್ಯ ನಿವೃತ್ತನಾಗಿ ನಾಲ್ಕು ವರ್ಷವಾಗಿತ್ತು. ಅಂದರೆ ನಾಲ್ಕು ವರ್ಷದಿಂದ ದಿನಾ ಬೆಳಗ್ಗೆ ಈ ಯಂತ್ರ ಆ ಯಂತ್ರಕ್ಕೆ ಬರೆಯುತ್ತಿತ್ತು, ಆ ಯಂತ್ರ ಈ ಯಂತ್ರಕ್ಕೆ ರಜೆ ಹೇಳುತ್ತಿತ್ತು. ಇಬ್ಬರಿಗೂ ಬೇಸರವಾಗಿರಲಿಲ್ಲ. ಆಕೆ ಅಂದು ಊಟದ ಡಬ್ಬಿಯನ್ನು ತೆರೆಯದೆ ಮನೆಗೆ ತಂದಳು.

ಆದರೆ ಮಂಗಳವಾರದಿಂದ ಒಂದೊಂದಾಗಿ ಬರತೊಡಗಿದವು. ಗುಡ್ಡದ ಅಂಗಡಿಯ ಮಾಲಕಿ ಬರೆದಿದ್ದಳು: "ಕಡಲ ಕಡೆಯವರು ನನಗಿಂತ ಹೆಚ್ಚು ಮಾರಿದ್ದಾರಾ ಅಂತ ಅಷ್ಟೇ ನೋಡ್ತೀನಿ. ಮಾರಿದ್ದರೆ ಆ ದಿನ ಯಾರ ಹತ್ತಿರವೂ ಮಾತಾಡಲ್ಲ." ಲಾರಿಯ ಡ್ರೈವರ್ ಬರೆದಿದ್ದ: "ವಾಪಸು ಇದ್ದರೆ ಹಗ್ಗ ಜಾಸ್ತಿ ತಗೊಂಡು ಹೋಗ್ತೀನಿ. ಇಲ್ಲದಿದ್ದರೆ ಹಾಡು ಹೇಳ್ಕೊಂಡು ಹೋಗ್ತೀನಿ." ದಿಂಬಿನ ವಿಭಾಗದ ಅಕ್ಕ ಬರೆದದ್ದು ಇನ್ನೂ ಉದ್ದ: "ದಿನಾ ಓದ್ತೀನಿ. ಮೂರು ವರ್ಷದಿಂದ ಮಕ್ಕಳ ದಿಂಬಿನ ಸಾಲಿನಲ್ಲಿ ಒಂದು ಸೊನ್ನೆ ಹೆಚ್ಚಿಗೆ ಬರ್ತಿದೆ. ಹೇಳಿದರೆ ನಿಮಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ದೆ."

ಆಕೆ ಪಟ್ಟಿ ತೆಗೆದು ನೋಡಿದಳು. ಮೂರು ವರ್ಷದಿಂದ ದಿನಾ ನಲವತ್ತೋ ಐವತ್ತೋ ಮಕ್ಕಳು ಹೊಸ ದಿಂಬಿನ ಮೇಲೆ ಮಲಗಿದ್ದರೆ, ಆಕೆ ನಾನೂರು ಐನೂರು ಮಕ್ಕಳನ್ನು ಮನಸ್ಸಿನಲ್ಲೇ ಮಲಗಿಸುತ್ತಿದ್ದಳು. ನಾಚಿಕೆಯಾಯಿತು. ಹಾಗೆಯೇ, ತನ್ನ ಸೊನ್ನೆಯನ್ನು ಮೂರು ವರ್ಷ ಕಾಪಾಡಿಕೊಂಡು ಬಂದ ಒಬ್ಬಳು ಇದ್ದಾಳಲ್ಲ ಎಂದು ಒಳಗೊಳಗೇ ಹಿತವೂ ಆಯಿತು. ಸಂಜೆಯೊಳಗೆ ಸೊನ್ನೆ ತೆಗೆದಳು.

ಶುಕ್ರವಾರ ಲೆಕ್ಕ ಇಪ್ಪತ್ತಮೂರಕ್ಕೆ ಬಂದು ನಿಂತಿತು. ಮ್ಯಾನೇಜರು ಪಟ್ಟಿಯಲ್ಲಿ ತಮ್ಮ ಹೆಸರು ಕಾಣದೆ ಹುಬ್ಬು ಗಂಟಿಕ್ಕಿದರು.

"ನನ್ನ ಹೆಸರೆಲ್ಲಿ?"

"ನಿಮ್ಮಿಂದ ಉತ್ತರ ಬರ್ಲಿಲ್ಲ, ಸಾರ್. ವರದಿಯ ಕೊನೆಯಲ್ಲಿ ಬರೆದಿದ್ದೆ."

"ಕೊನೆ ತನಕ ಯಾರ್ರೀ ಓದ್ತಾರೆ?" ಎಂದವರು, ಆಡಿದ ಮೇಲೆ ಕೆಮ್ಮಿದರು. "ಹಾಕಿ, ಹಾಕಿ. ಇನ್ಮೇಲೆ ಕೊನೆಯಿಂದಲೇ ಶುರು ಮಾಡ್ತೀನಿ."

ಇಪ್ಪತ್ತನಾಲ್ಕು. ಹತ್ತಿಮಾವನಿಂದ ಸುದ್ದಿಯಿರಲಿಲ್ಲ. ಶನಿವಾರ ಮಧ್ಯಾಹ್ನದ ಹೊತ್ತಿಗೆ ಆಕೆ ಅವರ ಹೆಸರಿನ ಮೇಲೆ ಬೆರಳಿಟ್ಟು ಎಷ್ಟೋ ಹೊತ್ತು ಕೂತಿದ್ದಳು. ಫೋನ್ ಮಾಡಿ ಕೇಳಬಹುದಿತ್ತು. ಉಳಿದ ನೂರಾ ಹದಿನೆಂಟು ಜನಕ್ಕೆ ಫೋನ್ ಮಾಡಿರಲಿಲ್ಲ, ಹಾಗಾಗಿ ಇವರಿಗೂ ಮಾಡಲಿಲ್ಲ. ಮೂರು ಗಂಟೆಗೆ ಮೆಟ್ಟಿಲ ಬಳಿ ಕೋಲು ಕುಟ್ಟಿದ ಸದ್ದಾಯಿತು. ಎರಡು ಬಸ್ಸು ಬದಲಿಸಿ ಹತ್ತಿಮಾವನೇ ಬಂದಿದ್ದರು. ಕೈಯಲ್ಲಿ ಲಕೋಟೆ.

"ಓದೋದು ಬರುತ್ತೆ, ಆ ಫೋನಿನಲ್ಲಿ ಬರೆಯೋದು ಬರಲ್ಲ ಕಣಮ್ಮ. ಅದಕ್ಕೆ ಕೈಯಲ್ಲೇ ಬರ್ಕೊಂಡು ಬಂದೆ. ಪೋಸ್ಟಿಗೆ ಹಾಕಿದ್ರೆ ಶನಿವಾರ ದಾಟುತ್ತೆ ಅಂತ ನಾನೇ ಪೋಸ್ಟಾದೆ."

ಕಾಗದದಲ್ಲಿ ಒಂದೇ ಸಾಲಿತ್ತು. "ನಾನು ದಿನಾ ಆರು ಗಂಟೆಗೆ ಓದುತ್ತೇನೆ. ಮೊಮ್ಮಕ್ಕಳ ಗದ್ದಲ ಶುರುವಾಗುವ ಮೊದಲು."

"ಅದನ್ನ ಓದಿ ನಿಮಗೇನಾಗಬೇಕು ಮಾವ, ಈಗ?"

"ಏನಾಗಬೇಕು? ನಾನು ಹಿಂಜಿಸಿದ ಹತ್ತಿ ಮೇಲೆ ಜನ ಇನ್ನೂ ಮಲಗ್ತಿದಾರಾ ಅಂತ ನೋಡ್ಬೇಡ್ವಾ?"

ಇಪ್ಪತ್ತೈದು. ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಆ ಸಂಜೆ ಆಕೆ ಶ್ರೀ ಎಲ್ಲರೂ ಅವರ ವಿಳಾಸವನ್ನು ಅಳಿಸಿ, ಅವರ ಹಿಂದೆ ಹದಿನಾರು ವರ್ಷ ನಿಂತಿದ್ದವರಲ್ಲಿ ಇಪ್ಪತ್ತೈದು ಮಂದಿಯ ಹೆಸರನ್ನು ಒಂದೊಂದಾಗಿ ಯಂತ್ರಕ್ಕೆ ಬರೆದಳು. ಮನೆಗೆ ಹೋಗುವಾಗ ಬಸ್ಸಿನ ಕಿಟಕಿಯಾಚೆ ಬೀದಿದೀಪಗಳು ಒಂದೊಂದೇ ಹೊತ್ತಿಕೊಂಡವು. ಅವನ್ನೂ ಎಣಿಸಿದಳು. ಇಪ್ಪತ್ತೈದಕ್ಕೆ ನಿಲ್ಲಿಸಿದಳು.

ಸೋಮವಾರ ಹತ್ತಕ್ಕೆ ತಪಾಸಣೆಯವರು ಬಂದರು. ನಿಧಾನದ ಮನುಷ್ಯ, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದರು. ಬಾಗಿಲಲ್ಲೇ ಕೇಳಿದರು. "ಶ್ರೀ ಎಲ್ಲರೂ ಇದ್ದಾರಾ?"

"ಎಲ್ಲರೂ ಬಂದಿದ್ದಾರೆ ಸಾರ್, ಇವತ್ತು ಯಾರೂ ರಜ ಇಲ್ಲ" ಎಂದ ಜವಾನ.

ಮ್ಯಾನೇಜರು ಕೆಂಪಾದರು. ಆಕೆ ತಪಾಸಣೆಯವರನ್ನು ಮೆಟ್ಟಿಲ ಕೆಳಗಿನ ಕೋಣೆಗೆ ಕರೆದೊಯ್ದು, ಹದಿನಾರು ಕಾರ್ಡುಗಳನ್ನೂ ತೋರಿಸಿ, ಇದ್ದದ್ದು ಇದ್ದ ಹಾಗೆ ಹೇಳಿದಳು. ಅವರು ಕಾರ್ಡುಗಳನ್ನು ಒಂದೊಂದಾಗಿ ತಿರುವಿ ನೋಡಿದರು. "ಇದಕ್ಕೆಲ್ಲ ಸಹಿ ಹಾಕಿದ್ದು ನಾನೇ" ಎಂದರು. "ಪ್ರತಿ ವರ್ಷ ಅಂದ್ಕೋತಿದ್ದೆ, ಯಾರಪ್ಪ ಈ ಮನುಷ್ಯ, ಒಂದು ಸಲಾನೂ ಥ್ಯಾಂಕ್ಸ್ ಹೇಳಲ್ಲ ಅಂತ." ಆಮೇಲೆ ಕನ್ನಡಕ ಸರಿಮಾಡಿಕೊಂಡು, "ಹಿಂದಿನದಕ್ಕೆ ನಮ್ಮ ಆಫೀಸು ನಿಮ್ಮ ಯಜಮಾನರ ಹತ್ತಿರ ಮಾತಾಡುತ್ತೆ, ಅದು ಅವರ ಪಾಡು. ನಾನು ನೋಡಬೇಕಾದ್ದು ಇವತ್ತಿಂದ ಸರಿ ಇದೆಯಾ ಅಂತ" ಎಂದರು.

ಇಪ್ಪತ್ತೈದು ಹೆಸರಿಗೂ ಟಿಕ್ ಬಿತ್ತು. ಪೆನ್ನಿನ ಮುಚ್ಚಳ ಹಾಕುತ್ತಾ ಅವರು ತಲೆಯೆತ್ತಿದರು.

"ನೀವು?"

"ನಾನು ಕಳಿಸುವವಳು, ಸಾರ್."

"ಕಳಿಸೋದಕ್ಕೆ ಲೆಕ್ಕವಿಲ್ಲ. ಓದ್ತೀರಾ?"

ಮ್ಯಾನೇಜರು ಅವರ ಬೆನ್ನ ಹಿಂದೆ ನಿಂತು, ಇಲ್ಲ ಅನ್ನಿ, ಇಲ್ಲ ಅನ್ನಿ ಎಂದು ತಲೆ ಆಡಿಸುತ್ತಿದ್ದರು. ಆಕೆಗೆ ಕಿಟಕಿಯ ಪಕ್ಕದ ಕುರ್ಚಿ ನೆನಪಾಯಿತು. ಕಡಲ ಕಡೆಯ ಹದಿಮೂರು ಮನೆಗಳೂ, ಹೆಚ್ಚು ಸೊನ್ನೆಯ ಅಷ್ಟೊಂದು ಮಕ್ಕಳೂ ನೆನಪಾದರು.

"ಓದ್ತೀನಿ" ಎಂದಳು. "ಎಲ್ಲರಿಗಿಂತ ಮೊದಲು ನಾನೇ ಓದೋದು."

"ಹಾಗಾದ್ರೆ ಇಪ್ಪತ್ತಾರಾಯ್ತಲ್ಲ." ಅವರ ದನಿಯಲ್ಲಿ ಗದರಿಕೆ ಇರಲಿಲ್ಲ. "ಒಬ್ಬರನ್ನ ತೆಗೆದ್ರೆ ಈಗಲೇ ಸಹಿ ಹಾಕಿ ಹೋಗ್ತೀನಿ."

ಮ್ಯಾನೇಜರ ಬೆರಳು ಆಗಲೇ ಪಟ್ಟಿಯ ಕೊನೆಯ ಹೆಸರಿನ ಮೇಲಿತ್ತು. "ಇವರು ರಿಟೈರಾಗಿ ಒಂಬತ್ತು ವರ್ಷ ಆಯ್ತು. ಇವರಿಗೆ ಯಾಕ್ರೀ?"

"ಬೇಡ ಸಾರ್, ಅದು ಇರಲಿ." ಆಕೆ ಪಟ್ಟಿಯನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು. "ನನ್ನನ್ನ ಬಿಡಿ. ನಾನು ಕಳಿಸ್ತೀನಿ, ತೆಗೆದು ನೋಡಲ್ಲ."

"ತಪ್ಪಿದ್ರೆ ಯಾರು ನೋಡೋದು?" ಎಂದರು ಮ್ಯಾನೇಜರು.

"ದಿಂಬಿನ ಅಕ್ಕ ಇದ್ದಾರೆ. ಅವರಿಗೆ ನನಗಿಂತ ಚೆನ್ನಾಗಿ ಕಾಣುತ್ತೆ. ಈಗ ಬೇಜಾರಿಲ್ಲದೆ ಹೇಳ್ತಾರೆ."

ತಪಾಸಣೆಯವರು ಆಕೆಯ ಫೋನಿಗೆ ವರದಿ ಬಾರದ ಹಾಗೆ ಆಕೆಯ ಕೈಯಿಂದಲೇ ಮಾಡಿಸಿ, ಸಹಿ ಹಾಕಿದರು. ಇನ್ನು ಮುಂದೆ ಆಕೆಗೆ ಕಾಣುವುದು ಒಂದೇ ಸಾಲು, ಇಪ್ಪತ್ತೈದು ಜನಕ್ಕೆ ತಲುಪಿತು ಎಂದು. ಹೊರಡುವ ಮುನ್ನ ಅವರು ಕಾರ್ಡುಗಳ ಕಟ್ಟನ್ನು ಮತ್ತೆ ಕೈಗೆತ್ತಿಕೊಂಡು, "ಇದರಲ್ಲಿ ಒಂದನ್ನ ತಗೊಂಡು ಹೋಗ್ಲಾ?" ಎಂದು ಕೇಳಿದರು. ಆಕೆ ಹಳೆಯದನ್ನು ಆರಿಸಿ ಕೊಟ್ಟಳು.

ಮಂಗಳವಾರ ಬೆಳಗ್ಗೆ ರೂಢಿಯಂತೆ ಆರಕ್ಕೆ ಐದು ನಿಮಿಷ ಇರುವಾಗ ಎಚ್ಚರವಾಯಿತು. ಕುರ್ಚಿಯಲ್ಲಿ ಕೂತಳು. ಆಚೆ ತುದಿಯ ಕೋಣೆಯಲ್ಲಿ ಫ್ಯಾನು ತಿರುಗಿರಬೇಕು, ಹತ್ತಿಯ ಎಳೆಗಳು ಎದ್ದಿರಬೇಕು. ಫೋನು ಒಮ್ಮೆ ಮಿನುಗಿತು: ಇಪ್ಪತ್ತೈದು ಜನಕ್ಕೆ ತಲುಪಿತು. ಅಷ್ಟೇ. ಕಿಟಕಿಯಾಚೆ ಹಾಲಿನ ಗಾಡಿ ಹೋಯಿತು. ನಿನ್ನೆ ಯಾರು ಎಲ್ಲಿ ಮಲಗಿದರೋ ಆಕೆಗೆ ಗೊತ್ತಿರಲಿಲ್ಲ. ಕೈ ಸುಮ್ಮನೆ ಫೋನಿನ ಮೇಲೆ ಓಡಾಡಿ ಹಿಂದಕ್ಕೆ ಬಂತು.

ಆರೂ ಹತ್ತಕ್ಕೆ ಫೋನು ಬಡಿದುಕೊಂಡಿತು. ಹತ್ತಿಮಾವ.

"ಬಂತು ಕಣಮ್ಮ."

"ಹೇಗಿದೆ ಮಾವ?"

"ಅಂಕಿ ಹೇಳಲ್ಲ. ನಿಂಗೆ ಲೈಸೆನ್ಸ್ ಇಲ್ಲವಂತೆ, ಸುದ್ದಿ ನನ್ನ ತನಕ ಬಂದಿದೆ." ಆ ಕಡೆ ಮೊಮ್ಮಗುವೊಂದು ಅತ್ತಿತು, ಯಾರೋ ಅದನ್ನು ಸಮಾಧಾನ ಮಾಡಿದರು. "ಜನ ಚೆನ್ನಾಗಿ ಮಲಗಿದಾರೆ. ಅಷ್ಟು ಸಾಕಲ್ಲ?"

"ಸಾಕು."

"ಮತ್ತೆ ನೀನ್ಯಾಕೆ ಎದ್ದು ಕೂತಿದೀಯ? ಮಲಕ್ಕೋ ಮಗಳೇ, ಇನ್ನೊಂದು ಗಂಟೆ."

ಎಂಟೂವರೆಗೆ ಅಮ್ಮ ಬಂದು ನೋಡಿದಾಗ ಆಕೆ ಇನ್ನೂ ಎದ್ದಿರಲಿಲ್ಲ. ಮೈ ಬಿಸಿಯಾಗಿದೆಯೇ ಎಂದು ಹಣೆ ಮುಟ್ಟಿದರು. ಇರಲಿಲ್ಲ. ಕುರ್ಚಿಯನ್ನು ಬಾಗಿಲ ಬಳಿ ಎಳೆದುಕೊಂಡು, ಬಟ್ಟೆ ಮಡಿಸುತ್ತಾ ಕೂತರು.